ಗುಡ್ಡದ ಮನ್ಯಾಗ ಮೂಗಿನ ಪರೀಕ್ಷಾ

ಬ್ಯಾಡಗಿ ಮೆಣಸಿನಕಾಯಿ ಯಾರ್ಡಿನ್ಯಾಗ ಕರಬಸಪ್ಪನ ಮೂಗಿಗೆ ಇದ್ದ ಮರ್ಯಾದಿ ಕರಬಸಪ್ಪಗ ಇರಲಿಲ್ಲ. ರಾಶಿಯೊಳಗಿಂದ ಒಂದು ಮೆಣಸಿನಕಾಯಿ ಎತ್ತಿ, ಮುರದು, ಮೂಗಿಗೆ ಹಿಡದು "ಹೊಸಾ ಮಾಲು" ಅಂದ್ರ ಮುಗೀತು, ಕೊಳ್ಳಾವ್ರು ಮತ್ತ ಮುಟ್ಟಿ ನೋಡತಿರಲಿಲ್ಲ. ಇಂಥಾ ಮೂಗು ಎರಡು ಸಾವಿರದ ಮೂರನೇ ಇಸ್ವಿಯ ಒಂದು ಜ್ವರದಾಗ ಸತ್ತು ಹೋತು. ಗೊತ್ತಿದ್ದದ್ದು ಹೇಣ್ತಿ ಪ್ರೇಮವ್ವಗ ಒಬ್ಬಾಕಿಗೆ. ಆಮ್ಯಾಲಿನ ಮೂರು ವರ್ಷ ಕರಬಸಪ್ಪ ತೊಟ್ಟಿನ ಬಣ್ಣ ನೋಡಿ, ಸಿಪ್ಪಿ ತಿಕ್ಕಿ, ಬೀಜದ ಸಪ್ಪಳ ಕೇಳಿ ಮಾಲು ಹೇಳತಿದ್ದ. ಕಡೀಕ ಮೂಗಿಗೆ ಹಿಡಿಯೂದು ಬರೇ ಶಾಸ್ತ್ರ. ಒಂದು ಸಲನೂ ತಪ್ಪಿರಲಿಲ್ಲ ಬಿಡ್ರಿ, ಕಣ್ಣಿನ ದುಡಿತಕ್ಕ ಮೂಗು ಹಾರ ಹಾಕಿಸಿಕೊಳ್ಳತಿತ್ತು. ಆದ್ರೂ ಸುದ್ದಿ ಹೊರಗ ಬಿದ್ರ ಐವತ್ತೆಂಟರ ವಯಸ್ಸಿನ್ಯಾಗ ತನ್ನನ್ನ ಯಾವ ಅಂಗಡ್ಯಾವ್ರು ಇಟ್ಕೊಂಡಾರು ಅನ್ನೂ ಹೆದರಿಕಿ ಹೊಟ್ಟ್ಯಾಗ ಕುಂತಿತ್ತು.

ಅಂಥಾದ್ರಾಗ ಅವನ ಸಾವ್ಕಾರ, ದಲಾಲಿ ಅಂಗಡಿ ವೀರೇಂದ್ರಗ, ಚಾರಣದ ಹುಚ್ಚು ಹಿಡೀತು. ರಾಣೇಬೆನ್ನೂರಿನ ಆಚೆ ಒಂದು ಕುರುಚಲು ಗುಡ್ಡದ ತಲಿ ಮ್ಯಾಲ, ನಡಕೊಂಡು ಬಂದಾವ್ರು ರಾತ್ರಿ ಇರಲಿ ಅಂತ ಯಾರೋ ಪುಣ್ಯಾತ್ಮರು ಕಲ್ಲಿನ ಮನಿ ಕಟ್ಟಿಸಿದ್ರು. ಮನಿ ಅಂದ್ರ ನಾಲ್ಕು ಗ್ವಾಡಿ, ಮ್ಯಾಲ ತಗಡು. ಬಾಗಿಲಿಲ್ಲ, ದೀಪ ಇಲ್ಲ, ನೀರು ಕೆಳಗಿನ ಹಳ್ಳದಾಗ. ಮನ್ಯಾಗ ಗಾದಿ ಬಿಟ್ಟು ಅಲ್ಲಿ ಮಲಗಾಕ ವೀರೇಂದ್ರ ಹೊಸಾ ಬೂಟು ತಗೊಂಡ, ಹಾವೇರಿಯ ನಾಲ್ಕು ಮಂದಿ ಗೆಳೆಯರನ್ನ ಕೂಡಿಸಿದ. "ಕರಬಸಣ್ಣ, ನೀವೂ ಬರ್ರಿ, ಒಂದಿನ ಚಲೋ ಗಾಳಿ ಕುಡೀರಿ" ಅಂದ. ಸಾವ್ಕಾರ ಕರದ್ರ ಒಲ್ಲೆ ಅನ್ನಾಕ ಬರತೈತೇನು? ರೊಟ್ಟಿ ಗಂಟು ಹೊತ್ಕೊಂಡು ಏರಿದ.

ಹೊತ್ತು ಮುಳುಗೂದಕ್ಕ ಮ್ಯಾಲ ಮುಟ್ಟಿದ್ರು. "ಮೂಗಿದ್ದಾವ್ರು ಮುಂದ. ಒಳಗ ಹೆಂಗೈತಿ ನೋಡಿ ಹೇಳ್ರಿ," ಅಂದ ವೀರೇಂದ್ರ.

ಕರಬಸಪ್ಪ ರೊಟ್ಟಿ ಗಂಟು ಕೆಳಗ ಇಟ್ಟ. ಒಳಗ ಹೋದ. ಕತ್ತಲಾಗ ನೋಡಾಕ ಬಣ್ಣ ಇಲ್ಲ, ತಿಕ್ಕಾಕ ಸಿಪ್ಪಿ ಇಲ್ಲ. ಎದಿತುಂಬ ಉಸರು ಎಳಕೊಂಡು, "ಭಾಳ ಚಲೋ ಐತ್ರಿ, ಮಲ್ಲಿಗಿ ಇಟ್ಟಂಗ," ಅಂದ.

ಹಿಂದ ಬಂದ ಗೆಳೆಯರು ಹೊಸ್ತಿಲದಾಗ ನಿಂತ್ರು. ಬ್ಯಾಟರಿ ಬೆಳಕಿನ್ಯಾಗ ಅವರ ಮಾರಿ ಕಿವುಚಿದ್ದು ಕಂಡು ಕರಬಸಪ್ಪಗ ಎಡವಟ್ಟಾತು ಅಂತ ತಿಳೀತು. ಆದ್ರ ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. "ಇದು ಗುಡ್ಡದ ಗಿಡಮೂಲಿಕಿ ವಾಸನಿರಿ. ರೂಢಿ ಇಲ್ಲದವ್ರಿಗೆ ಮೊದಲ ಹಿಂಗ ಅನಿಸತೈತಿ, ಎದಿಗೆ ಒಳ್ಳೇದು" ಅಂದ. ಅವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಬ್ಯಾಡಗಿ ಮೂಗಿನ ಮುಂದ ಹಾವೇರಿ ಮೂಗು ಯಾವ ಲೆಕ್ಕ? ಒಳಗ ಬಂದು, ಹಾಸಿಕೊಂಡು, ಆ ನಾತಾನ ಜಗ್ಗಿ ಜಗ್ಗಿ ಉಸರಾಡಿದ್ರು. ಒಬ್ಬಾಂವ ತನ್ನ ಕಟ್ಟಿದ ಎದಿ ಬಿಚ್ಚಿತು ಅಂತ ಹೇಳಿದ. ಅದನ್ನ ಕೇಳಿ ಇನ್ನೊಬ್ಬಾಂವಂದೂ ಬಿಚ್ಚಿತು.

ಮುಂಜಾನೆ ಗೆಳೆಯರು ಸೂರ್ಯಾ ಹುಟ್ಟೂದು ನೋಡಾಕ ಹೋದ್ರು. ಹೊಸಾ ಬೂಟು ಕಾಲು ಕಡದಿದ್ದಕ್ಕ ವೀರೇಂದ್ರ ಉಳಕೊಂಡ. ಬೆಳಕು ಒಳಗ ಬಿತ್ತು. ಕರಬಸಪ್ಪ ತಲಿ ಇಟ್ಟು ಮಲಗಿದ್ದ ಕಲ್ಲಿನ ಕಟ್ಟಿ ಬುಡಕ್ಕ ಒಂದು ಕಾಡಬೆಕ್ಕು ಸತ್ತು, ಉಬ್ಬಿ, ಇರುವಿ ಮುಕರಿ ಬಿದ್ದಿತ್ತು. ವೀರೇಂದ್ರ ಬೆಕ್ಕು ನೋಡಿದ, ಕರಬಸಪ್ಪನ್ನ ನೋಡಿದ.

"ಮೂಗು ಹೋಗಿ ಎಷ್ಟು ದಿನಾ ಆತ್ರಿ?"

"ಮೂರು ವರ್ಷರಿ."

ವೀರೇಂದ್ರ ಬೈಲಿಲ್ಲ. ಕೋಲಿಲೆ ಬೆಕ್ಕನ್ನ ಇಳಿಜಾರಿಗೆ ನೂಕಿದ. ಗೆಳೆಯರು ಬಂದಮ್ಯಾಲೂ ಬಾಯಿ ಬಿಡಲಿಲ್ಲ. ದೇವರಂಥಾ ಮನಷ್ಯಾ ಅಂತ ಕರಬಸಪ್ಪ ಮನಸಿನ್ಯಾಗ ಕೈ ಮುಗದ. ಗುಡ್ಡಾ ಇಳಿಯೂವಾಗ ಮೈ ಹಗರಾಗಿತ್ತು.

ಸೋಮವಾರ ಕೋಲ್ಡ್ ಸ್ಟೋರೇಜಿಂದ ಹೋದ ವರ್ಷದ ಚೀಲ ಬಂದು ಅಂಗಡಿ ಮುಂದ ರಾಶಿ ಆದ್ವು. "ಹೊಸದು ಅನ್ರಿ ಕರಬಸಣ್ಣ," ಅಂದ ದೇವರಂಥಾ ಮನಷ್ಯಾ, ಕಿವ್ಯಾಗ. "ನಿಮ್ಮ ಗುಟ್ಟು ನನ್ನ ಹೊಟ್ಟ್ಯಾಗ ಐತಿ."

ಖರೀದಿ ಮಾಡಾಂವ ಶಾಬುದ್ದೀನ ತನ್ನ ರೇಟು ಬರದ ಟೆಂಡರ್ ಚೀಟಿ ಹಿಡಕೊಂಡು ಬಂದು ನಿಂತ. ಕರಬಸಪ್ಪ ಒಂದು ಕಾಯಿ ಮುರದ. ಹಳೇದು ಅಂತ ಕೈ ಹೇಳಿತು. ಇಲ್ಲದ ಮೂಗಿನ ಹೆಸರಿಲೆ ಮೂರು ವರ್ಷ ಖರೇ ಹೇಳಿದ ಬಾಯಿಗೆ ಸುಳ್ಳು ಬರಲಿಲ್ಲ. ನಾಚಿಕಿ ಬಂತು.

"ಇದು ಹೋದ ವರ್ಷದ್ದು, ಸಾಬ್ರ. ನನಗ ವಾಸನಿನೂ ಬರಂಗಿಲ್ಲ, ಮೂರು ವರ್ಷಾತು."

ಶಾಬುದ್ದೀನ ನಕ್ಕ. "ಭಲೇ ಕರಬಸಣ್ಣ. ಚಲೋ ಮಾಲು ನಿಮ್ಮ ಸಾವ್ಕಾರ್ರಿಗೇ ಉಳೀಲಿ ಅಂತ ಈ ಆಟ ಏನು? ನಾನೂ ಇಪ್ಪತ್ತು ವರ್ಷದಿಂದ ಇದೇ ಯಾರ್ಡಿನ್ಯಾಗ ಅದೇನಿ."

"ಖರೇ ಹೇಳಾಕತ್ತೇನ್ರಿ," ಅನ್ನೂದ್ರಾಗ ಕರಬಸಪ್ಪಗ ಅಳು ಬಂತು. ಕಣ್ಣೀರು ದಳದಳ ಇಳೀತು.

ಶಾಬುದ್ದೀನ ಬಾಜೂಕಿನಾಂವಗ ತೋರಿಸಿದ. "ನೋಡಿಲ್ಲಿ. ಇವರ ಕಣ್ಣಾಗ ನೀರು ತರಿಸೈತಿ ಅಂದ್ರ ಮಾಲು ಎಷ್ಟು ತಾಜಾ ಇರಬೇಕು." ಚೀಟ್ಯಾಗ ಬರದಿದ್ದ ರೇಟು ಹೊಡದು ಹಾಕಿ, ಮ್ಯಾಲ ಹೆಚ್ಚಿಂದು ಬರದ.