ಊಟದ ಬಿಡುವಿನಲ್ಲಿ ಕೇಳಿದ ದನಿ

ಬಂಗಾರಪೇಟೆಯಿಂದ ಬೆಳಿಗ್ಗೆ ರೈಲು ಹತ್ತುವವರು ಹೆಚ್ಚಿನವರು ಬೆಂಗಳೂರಿನ ಕಡೆ ಹೋಗುತ್ತಾರೆ. ನಾನು ಎದುರು ದಿಕ್ಕಿನವಳು. ಮಾರಿಕುಪ್ಪಂ ಕಡೆ ಹೋಗುವ ಗಾಡಿಯಲ್ಲಿ ಆ ಹೊತ್ತಿಗೆ ಸೀಟಿಗೆ ಬರವಿಲ್ಲ. ಕಿಟಕಿ ಪಕ್ಕ ಕೂತು, ಹಳೆಯ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳು ಕಾಣಿಸಿದ ಮೇಲೆ ಚೀಲ ಹೆಗಲಿಗೇರಿಸಿಕೊಂಡು, ಇಳಿದು, ಕೆಜಿಎಫ್‌ನ ಒಂದು ಹೈಸ್ಕೂಲಿಗೆ ನಡೆದುಹೋಗುತ್ತೇನೆ. ಅಲ್ಲಿ ನಾನು ಆಪ್ತಸಮಾಲೋಚಕಿ. ಮಕ್ಕಳ ಬಾಯಲ್ಲಿ ಈ ಪದ ನಿಲ್ಲುವುದಿಲ್ಲ. ಅವರಿಗೆ ನಾನು ಕೌನ್ಸೆಲಿಂಗ್ ಮೇಡಂ.

ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮಮ್ಮನಿಗೆ ಈ ಕೆಲಸ ಏನೆಂದು ಒಮ್ಮೆ ವಿವರಿಸಿದ್ದೆ. ಹಸುಗಳ ಮುಂದೆ ಹುಲ್ಲು ಹಾಕುತ್ತಲೇ ಪೂರ್ತಿ ಕೇಳಿಸಿಕೊಂಡು, "ಅಂಗಾದ್ರೆ ನೀನು ಪಾಠ ಏಳ್ಕೊಡಲ್ಲ. ಮಕ್ಳು ಏಳಿದ್ದು ಕೇಳ್ಕೊಂಡು ಕೂತ್ಕೊತೀಯ" ಅಂದಳು.

"ಹೂಂ."

"ಅವು ಏನೂ ಏಳ್ದೇ ಇದ್ರೆ?"

ನಾನು ಏನೋ ಹೇಳಿ ಮಾತು ಮರೆಸಿದೆ. ಏನೂ ಹೇಳದ ಹುಡುಗಿಯೊಬ್ಬಳು ಆ ವರ್ಷವೇ ನನ್ನ ಪಾಲಿಗೆ ಬರುತ್ತಾಳೆಂದು ಆಗ ಗೊತ್ತಿರಲಿಲ್ಲ.

ಅವಳು ವಿಜಯಪುರದ ಕಡೆಯವಳು. ಅಪ್ಪನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಸಂಸಾರ ಕೆಜಿಎಫ್‌ಗೆ ಬಂದಿತ್ತು. ಎಂಟನೇ ತರಗತಿಗೆ ಸೇರಿದ ಮೊದಲ ದಿನ ಬಾಗಿಲಲ್ಲಿ ನಿಂತು "ಒಳಗ ಬರ್ಲೇನ್ರಿ?" ಎಂದು ಕೇಳಿದಳಂತೆ. ತರಗತಿಯೆಲ್ಲ ನಕ್ಕಿತು. ನಮ್ಮ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲ ಕೂತಿರುತ್ತವೆ. ಯಾರ ಮಾತಿಗೂ ಯಾರೂ ನಗದ ಜಾಗ ಇದು ಎಂದು ನಾವು ನಂಬಿದ್ದೆವು. ಆದರೆ ಆ ಕನ್ನಡ ಅವರಿಗೆ ಹೊಸದು. ಮಕ್ಕಳು ನಕ್ಕರು, ಮರೆತರು. ಅವಳು ಮಾತ್ರ ಅಲ್ಲಿಂದ ಮುಂದೆ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹಾಜರಿಗೆ ಕೈ ಎತ್ತುವಳು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುವಳು. ಓದು ಎಂದರೆ ಪುಸ್ತಕ ಹಿಡಿದು ಎದ್ದು ನಿಂತು, ಕೂರು ಅನ್ನುವ ತನಕ ನಿಂತೇ ಇರುವಳು.

ಮುಖ್ಯೋಪಾಧ್ಯಾಯಿನಿ ಅವಳನ್ನು ನನ್ನ ಕೋಣೆಗೆ ಕಳಿಸಿದರು. ಅದು ಮೊದಲು ಆಟದ ಸಾಮಾನು ಇಡುತ್ತಿದ್ದ ಕೋಣೆ. ಒಂದು ಮೇಜು, ಎರಡು ಬೆಂಚು, ಅಂಚು ಸವೆದ ಒಂದು ಕೇರಂ ಬೋರ್ಡು. ನಾನು ಮಾತಾಡಿದೆ, ಅವಳು ಕೇಳಿದಳು. ಹೂಂ, ಉಹೂಂ ಎಲ್ಲ ತಲೆಯಲ್ಲೇ.

ಕೆಲವು ದಿನಗಳ ನಂತರ ಅವಳ ತಾಯಿಯನ್ನು ಕರೆಸಿದೆ. ಆಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮನ್ಯಾಗ ಮಾತಾಡ್ತಾಳ್ರಿ. ತಮ್ಮನ ಕೂಡ ಜಗಳಾನೂ ಆಡ್ತಾಳ. ಸಾಲಿ ಗೇಟ್ ದಾಟಿದ್ರ ಬಾಯಿ ಕಟ್ಟಿಬಿಡ್ತೈತಿ" ಅಂದರು. ಆಮೇಲೆ ಸೆರಗಿನೊಳಗಿಂದ ಫೋನು ತೆಗೆದರು. "ತಮ್ಮಗ ಕಥಿ ಹೇಳೂವಾಗ ಗೊತ್ತಾಗ್ದಂಗ ರೆಕಾರ್ಡ್ ಮಾಡೀನ್ರಿ. ನೀವ ಕೇಳ್ರಿ. ನನ್ನ ಮಗಳು ಮೂಕಿ ಅಲ್ಲ."

ನನಗೆ ಕೇಳುವ ಆಸೆ ಬಹಳ ಇತ್ತು. ಆದರೆ ಹುಡುಗಿಯ ಮುಖ ನೋಡಿದೆ. ಕಿವಿಯ ತನಕ ಕೆಂಪಾಗಿದ್ದಳು.

"ನಾನು ಕೇಳಬಹುದಾ?" ಅಂದೆ ಅವಳಿಗೆ.

ಅವಳು ನಿಧಾನವಾಗಿ, ಇಲ್ಲ ಎಂದು ತಲೆಯಾಡಿಸಿದಳು. ನಾನು ಫೋನನ್ನು ಹಾಗೇ ತಾಯಿಯ ಕಡೆ ಸರಿಸಿದೆ. ಆಕೆಗೆ ಬೇಜಾರಾಯಿತು. "ಕೇಳಾಕ ಏನ್ ಕಷ್ಟ್ರಿ ನಿಮಗ" ಎಂದು ಎದ್ದುಹೋದರು. ಮಾಡಿದ್ದು ಸರಿಯೋ ತಪ್ಪೋ ಎಂದು ಸಂಜೆ ರೈಲಿನಲ್ಲಿ ಬಂಗಾರಪೇಟೆ ಬರುವ ತನಕ ಯೋಚಿಸಿದೆ.

ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗಿ ತಾನೇ ಬಂದಳು. ಕರೆದಿರಲಿಲ್ಲ. ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಅರ್ಧ ನನ್ನ ಮುಂದಿಟ್ಟು, ತಿಂದು, ಕೇರಂ ಬೋರ್ಡು ತೋರಿಸಿದಳು. ಅಂದಿನಿಂದ ಅದೇ ನಡೆಯಿತು. ಬಹಳ ಚೆನ್ನಾಗಿ ಆಡುತ್ತಿದ್ದಳು. ನಾನು ಸೋಲುತ್ತಿದ್ದೆ. ತರಬೇತಿಯಲ್ಲಿ ಕಲಿತದ್ದನ್ನು ಅವಳ ಮೇಲೆ ಪ್ರಯೋಗಿಸುವುದನ್ನು ಮೆಲ್ಲಗೆ ಬಿಟ್ಟುಬಿಟ್ಟೆ. ಕಾಯಿ ಜೋಡಿಸುವುದು, ಹೊಡೆಯುವುದು, ಗಂಟೆಯಾದ ಕೂಡಲೆ ಅವಳು ಎದ್ದು ಹೋಗುವುದು. ಮುಖ್ಯೋಪಾಧ್ಯಾಯಿನಿ ಒಂದು ಸಲ ಬಾಗಿಲಲ್ಲಿ ಇಣುಕಿ ಹೋದರು.

ಇನ್ನೊಬ್ಬಳು ಬಂದದ್ದು ದಸರಾ ರಜೆ ಕಳೆದ ಮೇಲೆ. ಕೆಜಿಎಫ್‌ನದೇ ನಂದಿದುರ್ಗ ಗಣಿಯ ಹಳೆಯ ಕಾರ್ಮಿಕರ ಲೈನಿನ ಮನೆಯವಳು, ಅದೇ ತರಗತಿಯವಳು, ಮನೆಮಾತು ತಮಿಳು. ರಜೆಯಲ್ಲಿ ಅವಳ ಅಮ್ಮ ತೀರಿಕೊಂಡಿದ್ದರು. ಈಗ ಪಾಟಿ, ಅಂದರೆ ಅಜ್ಜಿ, ಅವಳನ್ನು ನೋಡಿಕೊಳ್ಳುತ್ತಿದ್ದರು. ಮೊದಲಿಂದ ಮಾತಿನ ಮಲ್ಲಿ. ಅಮ್ಮ ಹೋದ ಮೇಲೆ ಅಳುತ್ತಾಳೆಂದು ಎಲ್ಲರೂ ಕಾದರೆ ಅವಳು ಇನ್ನೂ ಹೆಚ್ಚು ಮಾತಾಡತೊಡಗಿದಳು. ಪಾಠದ ನಡುವೆ, ಪ್ರಾರ್ಥನೆಯ ನಡುವೆ, ತಡೆಯಿಲ್ಲದೆ. ಮೇಷ್ಟ್ರುಗಳು ಗದರಲೂ ಆಗದೆ, ಸುಮ್ಮನಿರಲೂ ಆಗದೆ, ಅವಳನ್ನೂ ನನ್ನ ಕೋಣೆಗೆ ಕಳಿಸಿದರು.

ಹೀಗೆ ಒಂದು ಬೆಂಚಿನಲ್ಲಿ ಮಾತೇ ಆಡದವಳು, ಇನ್ನೊಂದರಲ್ಲಿ ಮಾತು ನಿಲ್ಲಿಸದವಳು. ನನಗೆ ಗಾಬರಿಯಾಗಿತ್ತು. ಬೇರೆ ಬೇರೆ ಹೊತ್ತು ಗೊತ್ತು ಮಾಡೋಣವೆಂದರೆ, ಮೌನದ ಹುಡುಗಿ ಸರಿದು ಕೂತು ಕೇರಂ ಬೋರ್ಡಿನಲ್ಲಿ ಜಾಗ ಕೊಟ್ಟಾಗಿತ್ತು. ಮೂವರೂ ಆಡತೊಡಗಿದೆವು. ನಂದಿದುರ್ಗದವಳು ಸಿನಿಮಾ, ನೀರಿನ ಟ್ಯಾಂಕರ್ ಮುಂದಿನ ಜಗಳ, ಪಾಟಿಯ ಮೊಣಕಾಲು ನೋವು, ಎಲ್ಲ ಹೇಳುವಳು. ಅಮ್ಮನ ಸುದ್ದಿ ಒಂದನ್ನು ಬಿಟ್ಟು.

ಒಂದು ದಿನ ಅವಳು ನಗುತ್ತಲೇ ಬಂದಳು. ವಿಜ್ಞಾನದ ಪಾಠದ ಹೊತ್ತಿನಲ್ಲಿ ಬೀದಿ ನಾಯಿಯೊಂದು ಯಾವಾಗಲೋ ತರಗತಿಗೆ ನುಗ್ಗಿ ಕೊನೆಯ ಬೆಂಚಿನ ಕೆಳಗೆ ಮಲಗಿತ್ತಂತೆ.

"ಗೊರಕೆ ಸೌಂಡು ಮೇಡಂ. ಸಾರು ಕೊನೇ ಬೆಂಚಿನ ಹುಡುಗನ್ನ ಎಬ್ಬಿಸಿ ನಿಲ್ಸಿ ಬೈತಾವ್ರೆ. ಅವನು ನಿಂತ್ಕೊಂಡೇ ಅವ್ನೆ, ಗೊರಕೆ ಬರ್ತಾನೇ ಐತೆ. ಸಾಯಂಕಾಲ ಓಗಿ ಅಮ್ಮಂಗೆ ಏಳಿದ್ರೆ ಬಿದ್ದು ಬಿದ್ದು ನಗ್ತಾರೆ."

ಅಷ್ಟು ಹೇಳಿ ನಿಂತಳು. ಆಡಿದ ಮಾತು ಅವಳ ಕಿವಿಗೇ ಆಗ ಬಿತ್ತು. ಕೈಯಲ್ಲಿದ್ದ ಸ್ಟ್ರೈಕರ್ ಹಾಗೇ ಉಳಿಯಿತು. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ, ಕಣ್ಣು ಮಾತ್ರ ಎಲ್ಲೋ ಹೋಗಿತ್ತು. ನಾನು ಏನಾದರೂ ಹೇಳಬೇಕಿತ್ತು. ಅದು ನನ್ನ ಕೆಲಸ.

"ಹೇಳ."

ಯಾರು ಅಂದರೆಂದು ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ನಿಮ್ಮವ್ವಗ ಹ್ಯಾಂಗ ಹೇಳ್ತಿದ್ದಿ, ಹಂಗ ಹೇಳ. ನಾವ್ ಕೇಳ್ತೀವಿ."

ಇಷ್ಟು ತಿಂಗಳು ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ದನಿ ತೆಳುವಾದದ್ದು, ಹೆದರಿದ್ದು. ಇದು ದಪ್ಪನೆಯ, ತಳವಿದ್ದ ದನಿ. ವಯಸ್ಸಾದ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತು, ಯಾವ ಅವಸರವೂ ಇಲ್ಲದೆ ಮಾತಾಡಿದ ಹಾಗೆ.

ನಂದಿದುರ್ಗದ ಹುಡುಗಿ ಅವಳನ್ನೇ ನೋಡಿದಳು. ಆಮೇಲೆ "ಅಮ್ಮಾ" ಎಂದು ಶುರು ಮಾಡಿ, ನಾಯಿಯ ಕಥೆಯನ್ನು ಮೊದಲಿಂದ, ತಮಿಳಿನಲ್ಲಿ, ಗೋಡೆಯ ಕಡೆ ತಿರುಗಿ ಹೇಳಿದಳು. ಗೊರಕೆ ಬರುವಲ್ಲಿಗೆ ಅಳು ಬಂತು. ಅಳುತ್ತಲೇ ಕಥೆ ಮುಗಿಸಿದಳು. ವಿಜಯಪುರದವಳಿಗೆ ತಮಿಳು ಎಷ್ಟು ತಿಳಿಯುತ್ತಿತ್ತೋ ಕಾಣೆ. ನಗಬೇಕಾದ ಕಡೆ ನಕ್ಕಳು. ಅಳು ನಿಲ್ಲಿಸು ಎಂದು ಒಂದು ಸಲವೂ ಅನ್ನಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತನ್ನದನ್ನು ಹೇಳಿದಳು. ನನಗೆ ಹೇಳಿದ್ದಲ್ಲ, ಗೆಳತಿಗೆ.

"ನಮ್ಮ ಆಯಿನೂ ಸತ್ತಳ. ನನ್ನ ಸಾಕಿದಾಕಿ ಅಕಿನ. ಇಲ್ಲಿ ಸಾಲಿ ಸೇರಿದ ದಿನ ಫೋನ್ ಮಾಡಿದ್ಳು. ನಿನ್ನಂಗ ಮಾತಾಡಿದ್ದಕ್ಕ ಎಲ್ಲಾರೂ ನಕ್ರು, ನನಗ ನಿನ್ನ ಮಾತು ಬ್ಯಾಡ ಅಂದ್ನಿ. ಫೋನ್ ಇಟ್ಬಿಟ್ನಿ. ಆ ವಾರದಾಗ ಹೋಗಿಬಿಟ್ಳು. ಬ್ಯಾಡ ಅಂದ ಮಾತು ಸಾಲ್ಯಾಗ ಹ್ಯಾಂಗ ಆಡಲಿ? ಬ್ಯಾರೆ ಮಾತು ನನಗ ಬರಂಗಿಲ್ಲ."

ತರಗತಿ ನಕ್ಕದ್ದಕ್ಕೆ ಹುಡುಗಿ ನೊಂದು ಮೌನವಾದಳೆಂದು ನಾವೆಲ್ಲ ತಿಳಿದಿದ್ದೆವು. ಆಯಿಗೆ, ಅಂದರೆ ಅಜ್ಜಿಗೆ, ಆಡಿದ ಒಂದು ಮಾತಿಗಾಗಿ ಆ ಎಳೆಯ ಜೀವ ತನಗೆ ತಾನೇ ಇಂಥ ಶಿಕ್ಷೆ ಹಾಕಿಕೊಂಡು, ಅದನ್ನು ಯಾರಿಗೂ ಗೊತ್ತಾಗದಂತೆ ಪಾಲಿಸಿಕೊಂಡು ಬಂದಿತ್ತು. ಗೆಳತಿಯ ದುಃಖದ ಮುಂದೆ ಅದನ್ನು ತಾನೇ ಮುರಿದಿತ್ತು. ನಾನು ಅಲ್ಲಿ ಒಬ್ಬ ದೊಡ್ಡವಳಾಗಿ ಕೂತಿದ್ದೆ ಅನ್ನುವುದನ್ನು ಬಿಟ್ಟರೆ ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ದೇವರ ಮನೆಯಲ್ಲಿ ಕೂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ.

ಗಂಟೆ ಹೊಡೆಯಿತು. ಇಬ್ಬರೂ ಮುಖ ತೊಳೆದುಕೊಂಡು ಗಣಿತದ ತರಗತಿಗೆ ಹೋದರು.

ಹೋಗುವ ಮುಂಚೆ, "ಅಮ್ಮನಿಗೆ ಇದನ್ನ ಹೇಳ್ತೀಯಾ?" ಎಂದು ವಿಜಯಪುರದವಳನ್ನು ಕೇಳಿದ್ದೆ. ಅವಳು ಮನೆಯಲ್ಲಿ ಹೇಳಿದಳು. ಮರುವಾರ ತಾಯಿ ತಾವಾಗಿಯೇ ಬಂದರು. ಆಯಿ ಆಕೆಯ ಹೆತ್ತ ತಾಯಿ. ಬೆಂಚಿನ ಮೇಲೆ ಕೂತು ಹೇಳಿದರು:

"ಈಕಿ ಫೋನ್ ಇಟ್ಟ ಮ್ಯಾಲ ನಮ್ಮವ್ವ ನನಗ ತಿರುಗಿ ಮಾಡಿದ್ಳ್ರಿ. ನಕ್ಕೋತ ಇದ್ಳು. ಕೂಸು ಸಿಟ್ಟಿಗೆದ್ದೈತಿ, ಬಿಸಿ ರೊಟ್ಟಿ ಬೆಣ್ಣಿ ಹಚ್ಚಿ ಕೊಡು ಅಂದ್ಳು. ಅದ ಕಡೀ ಮಾತು ನೋಡ್ರಿ, ಆಮ್ಯಾಲ ನನ್ನ ಕೂಡನೂ ಮಾತಾಡ್ಲಿಲ್ಲ. ಇದು ಈಕಿಗೆ ಗೊತ್ತ ಇದ್ದಿಲ್ಲ. ನಾನ ಹೇಳಿದ್ದಿಲ್ಲ. ಅವ್ವನ ಮಾತು ತಗದ್ರ ನನಗ ಅಳು ಬರ್ತಿತ್ತ್ರಿ. ಇಲ್ಲಿ ಯಾರ ಮುಂದ ಅಳೂದ್ರಿ?"

ಈಗ ನನ್ನ ಮುಂದೆ ಅತ್ತರು. ಮನೆಯಲ್ಲಿ ತಾಯಿ ಮಗಳು ಆಗಲೇ ಒಟ್ಟಿಗೆ ಅತ್ತಾಗಿತ್ತಂತೆ.

ಹುಡುಗಿ ಮರುದಿನದಿಂದಲೇ ಗಲಗಲ ಮಾತಾಡಿದಳೆಂದು ಯಾರೂ ತಿಳಿಯಬಾರದು. ಮೊದಲು ಗೆಳತಿಯ ಜೊತೆ ಮಾತ್ರ, ನನ್ನ ಕೋಣೆಯಲ್ಲಿ ಮಾತ್ರ. ಆಮೇಲೆ ಜಗಲಿಯಲ್ಲಿ. ವರ್ಷ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಜರಿ ಕರೆದಾಗ "ಅದೀನ್ರಿ" ಅಂದಳಂತೆ. ಒಂದಿಬ್ಬರು ನಕ್ಕರು. ಅವಳೂ ನಕ್ಕಳು. ಕ್ಲಾಸ್ ಟೀಚರು ಹಾಜರಿ ಪುಸ್ತಕ ಹಿಡಿದುಕೊಂಡೇ ನನ್ನ ಕೋಣೆಗೆ ಬಂದು ಈ ಸುದ್ದಿ ಹೇಳಿ, ಕಣ್ಣೊರೆಸಿಕೊಂಡು ಹೋದರು. ನಂದಿದುರ್ಗದವಳ ಮಾತು ಪಾಠದ ನಡುವೆ ಕಡಿಮೆಯಾಯಿತು, ಆದರೆ ಅದಕ್ಕೊಂದು ಹೊಸ ರುಚಿ ಬಂತು. "ಏನ್ರಿ ಮೇಡಂ, ಊಟ ಆತೇನ್ರಿ" ಎಂದು ಕೇಳುತ್ತಾ ಒಳಗೆ ಬರುವಳು.

ಇಬ್ಬರೂ ಈಗ ಕಾಲೇಜಿನಲ್ಲಿದ್ದಾರೆ. ಅವರನ್ನು ಕೇಳಿ, ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಇದನ್ನು ಬರೆದಿದ್ದೇನೆ. "ಬರೀರಿ, ಚಲೋ ಆತು" ಎಂದದ್ದು ನಂದಿದುರ್ಗದವಳು.

ಅವರಿನ್ನೂ ಶಾಲೆಯಲ್ಲಿದ್ದಾಗ, ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಪಾಟಿಯನ್ನು ನೋಡಿ ಬರಲು ಆ ಲೈನಿನ ಮನೆಗೆ ಹೋಗಿದ್ದೆ. ನಂದಿದುರ್ಗದವಳು ಅಂಗಡಿಗೆ ಹೋಗಿದ್ದಳು. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಪಾಟಿಯೂ ವಿಜಯಪುರದ ಹುಡುಗಿಯೂ ಕಾಯಿ ಸುಲಿಯುತ್ತಾ ಕೂತಿದ್ದರು. ಪಾಟಿಗೆ ತಮಿಳು ಬಿಟ್ಟು ಬೇರೆ ಬಾರದು. ಹುಡುಗಿ ತನ್ನ ಆಯಿಯ ಕನ್ನಡದಲ್ಲಿ, ಊರಿನ ಎಮ್ಮೆಯೊಂದರ ಕಥೆ ಹೇಳುತ್ತಿದ್ದಳು. ಪಾಟಿ "ಆಮಾ, ಆಮಾ" ಎಂದು ಹೂಂಗುಟ್ಟುತ್ತಾ, ನಡುನಡುವೆ ತಮಿಳಿನಲ್ಲಿ ಏನೋ ಕೇಳುತ್ತಿದ್ದರು. ಹುಡುಗಿ ಅದಕ್ಕೆ ಉತ್ತರ ಕೊಟ್ಟು ಕಥೆ ಮುಂದುವರಿಸುತ್ತಿದ್ದಳು. ನನ್ನನ್ನು ಕಂಡು ಪಾಟಿ ಮಾತು ನಿಲ್ಲಿಸದೆಯೇ ಪಕ್ಕಕ್ಕೆ ಸರಿದು, ಒಂದು ಹಿಡಿ ಕಾಯಿ ನನ್ನ ಮಡಿಲಿಗೆ ಹಾಕಿದರು. ನಾನೂ ಕೂತು ಸುಲಿಯತೊಡಗಿದೆ.