ಉಡದ ಹಸಿರು ಸೀರಿ

ನಂಬೂದು ಬಿಡೂದು ನಿಮಗ ಬಿಟ್ಟಿದ್ದು. ನಾ ಸಾಲಿಗೆ ಹೋಗಿದ್ದು ಎರಡು ವರ್ಷ, ಅಕ್ಷರ ಕೂಡಿಸಿ ಕೂಡಿಸಿ ಬರಿಯಾಕಿ. ಇಲ್ಲದ್ದು ಕಟ್ಟಿ ಬರಿಯಾಕ ನನಗ ಪುರುಸೊತ್ತಿಲ್ಲ. ಸಿರುಗುಪ್ಪದ ಆ ಅಕ್ಕಿ ಗಿರಣಿಯಾಗ ಅವತ್ತು ರಾತ್ರಿ ನಾವು ನಾಕು ಮಂದಿ ಇದ್ವಿ. ನಾಕೂ ಮಂದಿ ಇನ್ನೂ ಬದುಕಿದೀವಿ. ಬೇಕಾದ್ರ ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕೂಡಿಸಿ ಕೇಳ್ರಿ.

ನನ್ನ ಹೆಸರು ಹುಲಿಗೆವ್ವ. ಕುರುಗೋಡಿನಾಗ ಕೌದಿ ಹೊಲಿಯೂದು ನನ್ನ ಕೆಲಸ. ಮಂದಿ ಉಟ್ಟು ಹಳೇದಾದ ಸೀರಿ ತಂದು ಕೊಡತಾರ, ನಾ ಒಂದರ ಮ್ಯಾಲ ಒಂದು ಹಾಸಿ, ಟಾಕಾ ಹಾಕಿ, ಹೊದಿಯಾಕ ಕೌದಿ ಮಾಡಿ ಕೊಡತೀನಿ. ನನ್ನ ಮೊಮ್ಮಗಳು ರೇಣುಕಾ ಬಳ್ಳಾರಿ ಕಾಲೇಜಿನಾಗ ಓದತಿದ್ಲು. ಹಾಡತಾಳ. ಹಾಡು ಚಲೋ ಐತೋ ಇಲ್ಲೋ ನನಗ ತಿಳಿಯಂಗಿಲ್ಲ, ಗಂಟಲು ಮಾತ್ರ ಗಟ್ಟಿ ಐತಿ.

ಆಗ ಅದಿರಿನ ಲಾರಿ ಹಗಲು ರಾತ್ರಿ ಓಡತಿದ್ವು. ಒಣಗಾಕ ಹಾಕಿದ ಬಟ್ಟಿ ಸಂಜಿಗೆ ಕೆಂಪು. ಈ ಹುಡುಗಿ ಆ ಧೂಳಿನ ಮ್ಯಾಲೇ ಒಂದು ಹಾಡು ಬರದಿದ್ಲು. ಅದನ್ನ ಸಿನಿಮಾದ ಹಾಡಿನಂಗ ಚಿತ್ರ ತಗದು ಕಾಲೇಜಿನಾಗ ತೋರಸಬೇಕು ಅಂತ ಹಟ. ಜೋಡಿ ಇದ್ದವ ಖಾಜಾ, ಅಕಿ ಕ್ಲಾಸಿನ ಹುಡುಗ. ಅವನ ಅಣ್ಣಂದು ಬಳ್ಳಾರಿಯಾಗ ಮದುವಿ ವಿಡಿಯೋ ಸ್ಟುಡಿಯೋ. ಮದುಮಗ ಮದುಮಗಳನ್ನ ಗುಲಾಬಿ ಹೂವಿನಾಗ ಕೂಡಸೂದು, ಮೋಡದಾಗ ಹಾರಸೂದು, ಎಲ್ಲಾ ಕಂಪ್ಯೂಟರಿನಾಗ ಮಾಡತಿದ್ರು.

ಇಬ್ಬರೂ ನನ್ನ ಕಟ್ಟಿ ಮ್ಯಾಲ ಕುಂತು ಹಾಸುಗಲ್ಲಿನ ಮ್ಯಾಲ ಸುಣ್ಣದ ಕಡ್ಡಿಲೆ ಗೆರಿ ಬರದರು. ಇಲ್ಲಿ ರೇಣುಕಾ ನಿಲ್ಲತಾಳ, ಇಲ್ಲಿಂದ ಫ್ಯಾನ್ ಗಾಳಿ, ಹಿಂದ ದೊಡ್ಡ ಗುಡ್ಡ, ಹಾಡು ಮುಗಿಯೂದರಾಗ ಗುಡ್ಡ ಕರಗಿ ಧೂಳಾಗಿ ಅಕಿ ಮ್ಯಾಲ ಬೀಳತೈತಿ. ಆ ಧೂಳನ್ನೂ ಕಂಪ್ಯೂಟರಿನಾಗ ಮಾಡತಾರಂತ.

"ಬಳ್ಳಾರಿಯಾಗ ಕುಂತು ಧೂಳ ಮಾಡಾಕ ಕಂಪ್ಯೂಟರ್ ಬೇಕೇನಲೇ?" ಅಂದೆ. ಖಾಜಾ ನಕ್ಕ. ಖರೇ ಧೂಳ ಕ್ಯಾಮರಾದೊಳಗ ಹೋಗತೈತಿ ಅಜ್ಜಿ, ಸುಳ್ಳು ಧೂಳ ಹೋಗಂಗಿಲ್ಲ ಅಂದ.

ಇದಕ್ಕೆಲ್ಲಾ ಒಂದು ದೊಡ್ಡ ಹಸಿರು ಪರದಿ ಬೇಕಿತ್ತು. ಹಸಿರು ಬಟ್ಟಿ ಮುಂದ ನಿಂತು ಹಾಡಬೇಕು, ಆಮ್ಯಾಲ ಕಂಪ್ಯೂಟರಿಗೆ ಹಸಿರು ತಗಿ ಅನ್ನಬೇಕು. ಹಸಿರು ಇದ್ದಲ್ಲೆಲ್ಲಾ ತೂತು ಬೀಳತೈತಿ, ತೂತಿನಾಗ ಬೇಕಾದ ಚಿತ್ರ ಕೂಡಸಬೌದು. ಗ್ವಾಡಿ ತುಂಬೋವಷ್ಟು ಬಟ್ಟಿ ಎಲ್ಲಿಂದ ತರೂದು ಅಂತ ಕುಂತಾಗ ರೇಣುಕಾಗ ಹೊಳೀತು. ನಮ್ಮ ಕಡಿ ಮನಿಮನಿಗೂ ಟ್ರಂಕಿನಾಗ ಒಂದು ಹಸಿರು ಸೀರಿ ಇದ್ದs ಇರತೈತಿ. ಬಸುರಿಯ ಏಳನೇ ತಿಂಗಳ ಕುಬುಸಕ್ಕ, ಅಂದ್ರ ಸೀಮಂತಕ್ಕ, ತವರಿನವರು ತರೂದು. ಹಸಿರು ಸೀರಿ ಉಡಿಸಿ, ಹಸಿರು ಬಳಿ ಇಡಿಸಿ, ಕಟಗಿ ಮಣಿ ಮ್ಯಾಲ ಕೂಡಿಸಿ, ಸೆರಗಿನಾಗ ಅಕ್ಕಿ ಹಾಕಿ ಉಡಿ ತುಂಬತಾರ. ಆಮ್ಯಾಲ ಆ ಸೀರಿ ಪೆಟ್ಟಿಗಿ ಸೇರತೈತಿ.

ಓಣಿಯಾಗ ಕೇಳಿದ್ರು, ಹೆಂಗಸರು ಕೊಟ್ರು. ತಿರುಗಿ ಕೊಡಬೇಕಾಗಿದ್ದಕ್ಕ ನಾ ಒಂದನ್ನೂ ಕತ್ತರಿಸಲಿಲ್ಲ. ಅಂಚು, ಸೆರಗು ಹಿಂದಕ್ಕ ಮಡಚಿ, ಬರೇ ಹಸಿರು ಮೈ ಮುಂದ ಬರೂವಂಗ ಉದ್ದ ಉದ್ದ ಟಾಕಾ ಹಾಕಿ ಜೋಡಿಸಿದೆ.

ಕಡೀಗೆ ಬಂದಾಕಿ ತಿಪ್ಪಮ್ಮ. ನಮ್ಮ ಹಿಂದಿನ ಮನಿಯಾಕಿ. ಗಂಡ ಇಲ್ಲ, ಒಬ್ಬಳೇ ಮಗಳು ಲಕ್ಷ್ಮಿ. ಅಕಿನ್ನ ಸಂಡೂರಿನ ಕಡಿ ಅದಿರು ತುಂಬೂ ಕೆಲಸದವಗ ಕೊಟ್ಟಿದ್ರು. ಲಾರಿ ನಿಲ್ಲೂ ಜಾಗದಾಗ ತಗಡಿನ ಗುಡಿಸಲು ಹಾಕ್ಕೊಂಡಿದ್ರು. ಲಕ್ಷ್ಮಿ ಬಸುರಾದ್ಲು. ಕುಬುಸಕ್ಕ ಕರಕೊಂಡು ಬರಾಕ ತಿಪ್ಪಮ್ಮ ಹೋದ್ರ ಅಲ್ಲಿ ಗುಡಿಸಲೂ ಇಲ್ಲ, ಜಾಗಾನೂ ಇಲ್ಲ. ಅಗದು ದೊಡ್ಡ ಕುಣಿ ಆಗಿತ್ತು. ಗಂಡ ಹೆಂಡತಿ ಬ್ಯಾರೆ ಕಡಿ ಹೋಗ್ಯಾರ ಅಂದ್ರಂತ. ಎಲ್ಲಿಗೆ ಅಂದ್ರ ಯಾರಿಗೂ ಗೊತ್ತಿಲ್ಲ. ಹೋಗಿ ಪೋಲೀಸಿನವರಿಗೆ ಹೇಳಿದ್ಲು, ಅವರು ಕೇಳಿಸಿಕೊಂಡು ಕಳಿಸಿದ್ರು. ಅವತ್ತಿನಿಂದ ತಿಪ್ಪಮ್ಮಗ ಬೇಕಾಗಿದ್ದು ಒಂದs ಮಾತು. ಮಗಳು ಅದಾಳೋ, ಇಲ್ಲೋ. ಇಲ್ಲ ಅಂದ್ರೂ ಸೈ ಅಂತಿದ್ಲು. ಸತ್ತವರ ಹೆಸರಿನಾಗ ಕೂಳು ನೀರು ಬಿಡಾಕಾದ್ರೂ ಆಗತೈತಿ.

ಅಕಿ ತಂದಿದ್ದು ಲಕ್ಷ್ಮಿ ಸಲುವಾಗಿ ತಗೊಂಡಿದ್ದ ಕುಬುಸದ ಸೀರಿ. ಅಂಗಡಿ ಮಡಕಿ ಹಂಗs ಇತ್ತು.

ಬ್ಯಾಡ ಅಂದೆ. ಉಡದ ಸೀರಿ ನಾ ಹೊಲಿಗಿಗೆ ಹಾಕಂಗಿಲ್ಲ. ದೆವ್ವ ಗಿವ್ವ ಅಂತ ಅಲ್ಲ, ಹೊಸ ಬಟ್ಟಿ ಬಿರುಸು ಇರತೈತಿ, ಸೂಜಿ ಹೋಗಂಗಿಲ್ಲ, ನೀರಿಗೆ ಬಿದ್ರ ಜಗ್ಗಿ ಹೊಲಿಗಿ ಕೆಡಸತೈತಿ. ತಿಪ್ಪಮ್ಮ ಕೇಳಲಿಲ್ಲ. "ಪೆಟ್ಟಿಗ್ಯಾಗ ಇದ್ದು ಏನ್ ಮಾಡತೈತಿ ಹುಲಿಗೆವ್ವ. ಹಾಕು" ಅಂದ್ಲು. ಹಾಕಿದೆ. ಬಲಕ್ಕ, ಕಡೀ ಅಂಚಿಗೆ. ಆ ಗಂಜಿ ಬಟ್ಟಿ ಸೂಜಿ ಮುರೀತು, ಬೆರಳಿಗೆ ಚುಚ್ಚಿತು. ಅದಕ್ಕs ಆ ಸೀರಿ ಎಷ್ಟು ಹೊಸದಿತ್ತು ಅಂತ ನನ್ನ ಕೈಗೆ ಚೆನ್ನಾಗಿ ನೆನಪೈತಿ. ಇದನ್ನ ನೀವೂ ನೆನಪಿಟ್ಟುಕೊಳ್ರಿ.

ಮೊದಲು ಒಂದು ರಾತ್ರಿ ಬರೇ ನೋಡಾಕ ತಗಿಯೋಣು ಅಂದ ಖಾಜಾ. ಅವನ ಮಾವ ಕಾಯತಿದ್ದ ಗಿರಣಿ ಸಿರುಗುಪ್ಪದಾಗ ಮುಚ್ಚಿ ಬಿದ್ದಿತ್ತು. ಎತ್ತರದ ಗ್ವಾಡಿ, ಗಾಳಿ ಇಲ್ಲ, ಧೂಳಿಲ್ಲ. ಹಗಲಾದ್ರ ತಗಡಿನ ತೂತಿನಿಂದ ಬಿಸಲು ಬಿದ್ದು ಹಸಿರು ಒಂದೊಂದು ಕಡಿ ಒಂದೊಂದು ನಮೂನಿ ಕಾಣತೈತಂತ, ಅದಕ್ಕ ರಾತ್ರಿ. ಹರೇದ ಹುಡುಗ ಹುಡುಗಿ ಇಬ್ಬರನ್ನs ಕಳಸೂದು ಹೆಂಗ? ನಾನೂ ಹೊಂಟೆ. ತಿಪ್ಪಮ್ಮ ತನ್ನ ಸೀರಿ ನೋಡತೀನಿ ಅಂತ ಟೆಂಪೋ ಹತ್ತಿ ಕುಂತಬಿಟ್ಲು.

ಒಳಗ ಭತ್ತದ ಹೊಟ್ಟಿನ ಮುಗ್ಗು ವಾಸನಿ. ಮ್ಯಾಲ ಬಾವಲಿ ರೆಕ್ಕಿ ಸಪ್ಪಳ. ಖಾಜಾ ಮದುವಿ ಮನಿ ಜನರೇಟರ್ ಚಾಲೂ ಮಾಡಿದ, ಹಗ್ಗ ಕಟ್ಟಿ ಪರದಿ ಇಳಿಬಿಟ್ಟ, ದೀಪ ಹಚ್ಚಿದ. ರೇಣುಕಾನ ಕೈಯಾನ ಹಸಿರು ಬಳಿ ತಗಿಸಿದ, ಇಲ್ಲಂದ್ರ ಕೈಯಾಗೂ ತೂತು ಬೀಳತೈತಿ ಅಂತ. ನನಗೂ ತಿಪ್ಪಮ್ಮಗೂ ಬಳಿ ಬಿಟ್ಟು ವರ್ಷಗಳಾಗಿದ್ವು. ಅಂದ್ರ… ಆ ಗಿರಣಿಯೊಳಗ ಯಾರ ಕೈಯಾಗೂ ಬಳಿ ಇದ್ದಿಲ್ಲ.

ರೇಣುಕಾ ಒಂದು ನುಡಿ ಹಾಡಿದ್ಲು. ಖಾಜಾ ಕ್ಯಾಮರಾದ ವೈರು ಕಂಪ್ಯೂಟರಿಗೆ ಚುಚ್ಚಿ ಕುಂತ. ನಾವು ಅವನ ಹಿಂದ ನಿಂತ್ವಿ. ಹಸಿರು ತಗದ. ಪರದಿ ಮಾಯ ಆತು, ಅವ ತಂದಿದ್ದ ಗುಡ್ಡದ ಫೋಟೋ ರೇಣುಕಾನ ಹಿಂದ ಬಂದು ಕುಂತಿತು. ಚಲೋ ಐತಿ ಅನಿಸಿತು, ಸುಳ್ಳು ಯಾಕ ಹೇಳಲಿ.

ಬಲಗಡಿ ಕಡೀ ಅಂಚಿನಾಗ ಮಾತ್ರ ಗುಡ್ಡ ಬಂದಿಲ್ಲ.

ಅಲ್ಲೂ ಹಸಿರು ಹೋಗಿತ್ತು. ಒಂದು ಸೀರಿ ಅಗಲದ ಪಟ್ಟಿ… ಅದರಾಗ ತಗಡಿನ ಗ್ವಾಡಿ. ಗ್ವಾಡಿ ಮುಂದ ಮಣಿ. ಮಣಿ ಮ್ಯಾಲ ಒಬ್ಬಾಕಿ ಹೆಣ್ಣುಮಗಳು, ಬೆನ್ನು ನಮ್ಮ ಕಡಿ. ಮೈ ಮ್ಯಾಲ ಸೀರಿ ಇಲ್ಲ. ಲಂಗ, ರವಿಕಿ ಅಷ್ಟs. ಒಂದು ಕೈ ಸೊಂಟಕ್ಕ ಕೊಟ್ಟು ಕುಂತಿದ್ಲು, ದಿನ ತುಂಬತಿರೋರು ಕುಂದರೂವಂಗ.

ಅಣ್ಣ ತಗದ ಯಾವುದೋ ಕುಬುಸದ ವಿಡಿಯೋ ಕೂಡಿಕೊಂಡೈತಿ ಅಂತ ಖಾಜಾ ಎಲ್ಲಾ ಮುಚ್ಚಿ ಮತ್ತ ತಗದ. ಮತ್ತ ಅಕಿನೇ. ಗುಡ್ಡದ ಫೋಟೋನೇ ಅಳಿಸಿದ. ಗುಡ್ಡ ಹೋತು… ಅಕಿ ಹೋಗಲಿಲ್ಲ. ನಾ ಹತ್ರ ಹೋಗಿ ನೋಡಿದೆ. ಅಕಿ ಬೆನ್ನು ಏಳತಿತ್ತು, ಇಳೀತಿತ್ತು.

ತಿಪ್ಪಮ್ಮ ಬೆರಳು ಚಾಚಿ ಕಂಪ್ಯೂಟರಿನ ಗಾಜಿನ ಮ್ಯಾಲ ಅಕಿ ಮೊಣಕೈಯಿನ ಕಲಿ ಮುಟ್ಟಿದ್ಲು. ಹಂಚು ತಾಗಿ ಸುಟ್ಟ ಕಲಿ. ಸಣ್ಣಾಕಿ ಇದ್ದಾಗ ಲಕ್ಷ್ಮಿ ರೊಟ್ಟಿ ಬಡಿಯಾಕ ಹೋಗಿ ಸುಟ್ಟುಕೊಂಡಿದ್ದು. ಸುಟ್ಟಲ್ಲಿ ಹಿಟ್ಟು ಹಚ್ಚಿದಾಕಿ ನಾನs.

"ಇನ್ನೂ ಉಡಿಸಿಲ್ಲ ಅಕಿಗೆ" ಅಂದ್ಲು ತಿಪ್ಪಮ್ಮ. ಅಷ್ಟs.

ರಾತ್ರಿ ಊಟಕ್ಕ ಅಂತ ತಂದಿದ್ದ ಅಕ್ಕಿ ಚೀಲ ತಗೊಂಡು ಪರದಿ ಹಿಂದಕ್ಕ ಹೋದ್ಲು. ನಾ ಹಿಂದ ಮಡಚಿ ಹೊಲದಿದ್ದ ಸೆರಗನ್ನ ಪರ ಪರ ಬಿಚ್ಚೂ ಸಪ್ಪಳ ಕೇಳಿತು. ಐದು ಹಿಡಿ ಅಕ್ಕಿ ಹಾಕಿ ಗಂಟು ಕಟ್ಟಿದ್ಲು. ಇದನ್ನ ನಾ ಹಣಿಕಿ ಹಾಕಿ ಕಣ್ಣಾರೆ ನೋಡೀನಿ.

ಇತ್ತ ಖಾಜಾ ಹೆದರಿ ಎದ್ದವ ವೈರಿಗೆ ಕಾಲು ತೊಡರಿಸಿ ಬಿದ್ದ. ದೀಪ ಹೋದ್ವು, ಕಂಪ್ಯೂಟರೂ ಹೋತು. ಜನರೇಟರ್ ಹೊರಗ ಗುಡಗುಡ ಅಂತಿತ್ತು, ಆಮ್ಯಾಲ ಅದೂ ನಿಂತಿತು.

ಕತ್ತಲಿ.

ಮೊದಲು ವಾಸನಿ ಬಂತು. ಹೊಸ ಸೀರಿ ಗಂಜಿ ವಾಸನಿ, ಅದರ ಜೋಡಿ ಹಸಿ ಅರಿಷಿಣ. ಆಮ್ಯಾಲ ಸಪ್ಪಳ. ಸರ್… ಸರ್… ಬಿರುಸು ಸೀರಿ ಉಡುವಾಗ ನಿರಿಗಿ ಹಿಡದು ಕೊಡವತಾರಲ್ಲ, ಅದs. ನಡು ನಡುವ ಗಾಜಿನ ಬಳಿ. ಒಮ್ಮಿ ಬಳಿ ಸಪ್ಪಳ ನನ್ನ ಕಿವಿ ಹತ್ರನೇ ಆತು, ಸೆರಗು ಹೆಗಲಿಗೆ ಹಾಕ್ಕೊಂಡಂಗ.

"ಅಜ್ಜಿ, ನೀ ಎದ್ದೇನು?" ರೇಣುಕಾ ಪಿಸುಗುಟ್ಟಿದ್ಲು. ಅಕಿ ಕೈ ನನ್ನ ಕೈಯಾಗs ಇತ್ತು. ದೀಪ ಹೋದಕೂಡಲೇ ಇಬ್ಬರೂ ನೆಲದ ಮ್ಯಾಲ ಕುಂತಿದ್ವಿ.

ಖಾಜಾ ಟಾರ್ಚ್ ಹುಡುಕಿ ಹಚ್ಚಿದಾಗ ತಿಪ್ಪಮ್ಮ ಪರದಿ ಮುಂದ ನಿಂತಿದ್ಲು, ಖಾಲಿ ಚೀಲ ಹಿಡಕೊಂಡು. ಜನರೇಟರ್ ಮತ್ತ ಚಾಲೂ ಆದಮ್ಯಾಲ ಖಾಜಾ ತಾನs ನೋಡಿದ. ಗುಡ್ಡ ಈ ಕಡಿಯಿಂದ ಆ ಕಡಿ ತನಕ ಚಂದಾಗಿ ಕುಂತಿತ್ತು. ತಗಡಿಲ್ಲ, ಮಣಿ ಇಲ್ಲ. ಆಮ್ಯಾಲ ಅವನ ಅಣ್ಣ ಸ್ಟುಡಿಯೋದಾಗಿನ ಕುಬುಸದ ವಿಡಿಯೋ ಎಲ್ಲಾ ಹಾಕಿ ನೋಡಿದ್ನಂತ. ಅಂಥಾ ಗ್ವಾಡಿ ಯಾವುದರಾಗೂ ಇಲ್ಲ.

ಪರದಿ ಸುತ್ತಿ, ಸೆರಗಿನ ಅಕ್ಕಿ ಗಂಟು ಹಂಗs ಇಟ್ಟು, ಬೆಳಕು ಹರಿಯೂ ಮುಂದ ತೆಕ್ಕಲಕೋಟಿ ದಾಟಿ ಊರಿಗೆ ಬಂದ್ವಿ. ಹಾದಿ ತುಂಬ ಲಾರಿಗಳು.

ಮುಂಜಾನಿ ಪರದಿ ಹೊಲಿಗಿ ಬಿಚ್ಚಿದೆ. ಮಂದಿ ಸೀರಿ ತಿರುಗಿ ಕೊಡಬೇಕಿತ್ತು. ಲಕ್ಷ್ಮಿ ಸೀರಿ ಕಡೀಗೆ ಬಂತು. ಸೆರಗಿನ ಗಂಟು ಇದ್ದಿಲ್ಲ. ಹರದಿದ್ದಲ್ಲ, ಕೈಲೆ ಬಿಚ್ಚಿದ್ದು. ಸುತ್ತಿದ ಬಟ್ಟಿಯೊಳಗ ಒಂದು ಅಕ್ಕಿ ಕಾಳು ಸಿಗಲಿಲ್ಲ. ಟೆಂಪೋದಾಗೂ ಇಲ್ಲ.

ಅದು ಹೋಗಲಿ. ಸೀರಿ ಕೈಯಾಗ ಹಿಡದೆ… ಮೆತ್ತಗ ಇತ್ತು. ನನ್ನ ಸೂಜಿ ಮುರದ ಸೀರಿ, ತಿಂಗಳಗಟ್ಟಲೆ ಒಗದು ಉಟ್ಟಂಗ ಮೆತ್ತಗ. ಹಿಂದಿನ ಅಂಚು ಹಿಮ್ಮಡಿಗೆ ತಾಗಿ ಸವದಿತ್ತು, ಸವದಲ್ಲಿ ಕೆಂಪು ಮಣ್ಣು. ಮುಂದಿನ ಅಂಚು ಸವದಿಲ್ಲ. ಹೊಟ್ಟಿ ಮುಂದ ಬಂದಾಕಿ ಉಟ್ರ ಸೀರಿ ಮುಂದ ಮ್ಯಾಲಕ್ಕ ಏಳತೈತಿ, ಹಿಂದ ನೆಲ ಬಳಿತೈತಿ. ಇಷ್ಟು ವರ್ಷ ಮಂದಿ ಸೀರಿ ಹಿಡದ ಕೈ ಇದು, ಬ್ಯಾರೆ ಯಾರೂ ಹೇಳಬೇಕಾಗಿಲ್ಲ.

ತಿಪ್ಪಮ್ಮ ಬಾಗಲಾಗ ಬಂದು ನಿಂತಿದ್ಲು.

"ಉಟ್ಟಾಳ?"

"ಉಟ್ಟಾಳ" ಅಂದೆ.

"ಅದಾಳ ಹಂಗಾದ್ರ?"

ಉಟ್ಟಾಕಿ ಅದಾಳೋ ಇಲ್ಲೋ ಸೀರಿ ನೋಡಿ ಹೆಂಗ ಹೇಳಲಿ? ಅಕಿ ನನ್ನ ಕೈಯಾಗಿಂದ ಸೀರಿ ಇಸಕೊಂಡು, ಸೆರಗು ಹಿಡದು, ಎದಿ ಮ್ಯಾಲ ಬರೂ ಜಾಗ ಹೆಬ್ಬೆರಳಿನಿಂದ ತಿಕ್ಕಿ ನೋಡಿದ್ಲು. ಅಲ್ಲಿ ಒಂದು ದುಂಡನ ಕಲಿ ಒಣಗಿ ಬಿರುಸಾಗಿತ್ತು. ನಾನೂ ಮೂಸಿದೆ. ಹಾಲು ಒಣಗಿದ ಹುಳಿ ವಾಸನಿ. ಮಕ್ಕಳನ್ನ ಹೆತ್ತವರಿಗೆ ಅದು ಎಂಥಾ ಕಲಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ರೇಣುಕಾನ ಹಾಡು ಹಂಗs ಉಳೀತು. ಆ ಹುಡುಗಿ ಕಾಲೇಜಿನಾಗ ಏನೋ ಬ್ಯಾರೆ ಮಾಡಿ ತೋರಿಸಿದ್ಲು. ಖಾಜಾನ ಅಣ್ಣನ ಸ್ಟುಡಿಯೋದಾಗ ಈಗ ನೀಲಿ ಪರದಿ ಐತಂತ.

ತಿಪ್ಪಮ್ಮ ಕೂಳು ನೀರು ಬಿಡೂ ಮಾತು ಬಿಟ್ಲು. ಬದಲಿಗೆ ಒಂದು ಕೂಸಿನ ಕೌದಿ ಹೊಲದು ಕೊಡು ಅಂದ್ಲು. ಬುದ್ಧಿ ಹೇಳಿದೆ, ಕೇಳಲಿಲ್ಲ. ಅಕಿ ತಂದ ಬಟ್ಟಿ ಎಲ್ಲಾ ತಾನs ಉಟ್ಟು ಬಿಟ್ಟವು, ಹಾಕಾಕ ತಕರಾರಿದ್ದಿಲ್ಲ. ಮೊಳ ಅಗಲದ್ದು ಹೊಲದು ಕೊಟ್ಟೆ. ಪೆಟ್ಟಿಗ್ಯಾಗ ಇಟ್ಟು ಬೀಗ ಹಾಕಿದ್ಲು.

ಅದಾಗಿ ಎರಡು ವರ್ಷ. ಲಾರಿ ಇನ್ನೂ ಓಡತಾವು. ಹೋದ ವಾರ ತಿಪ್ಪಮ್ಮ ಆ ಕೌದಿ ತಂದು ನನ್ನ ಮುಂದ ಹಾಸಿದ್ಲು. ಮನ್ಯಾಗ ಕೂಸಿಲ್ಲ, ಬಂದು ಹೋದವರಿಲ್ಲ, ಬೀಗದ ಕೀಲಿ ಅಕಿ ಕೊರಳಾಗ. ಕೌದಿ ನಡುವ ಸವದು ನನ್ನ ಟಾಕಾ ಬಿಟ್ಟಿದ್ವು. ಒಂದು ಮೂಲಿ ಜಗದು ಜಗದು ತೊಯ್ದು ಒಣಗಿತ್ತು, ಹಲ್ಲು ಬರೂ ಕೂಸುಗಳು ಜಗದಂಗ.

ಅಕಿ ಬಗಲಾಗಿದ್ದ ಗಂಟು ಬಿಚ್ಚಿ ಇನ್ನೆರಡು ಹಳೇ ಸೀರಿ ನನ್ನ ಮುಂದ ಇಟ್ಲು.

"ಇನ್ನೊಂದು ಹೊಲಿ ಹುಲಿಗೆವ್ವ. ಸ್ವಲ್ಪ ದೊಡ್ಡದು" ಅಂದ್ಲು.

ಸೀರಿ ಇಲ್ಲೇ ಅದಾವು, ನನ್ನ ಕಾಲ ಹತ್ರ. ಸೂಜಿಗೆ ದಾರ ಪೋಣಿಸೀನಿ. ಇನ್ನೂ ಚುಚ್ಚಿಲ್ಲ.