ಮಾವಿನ ಮರ ನೋಡಿ ಈಜಿದ್ದು

ಎಂಬತ್ತರ ದಶಕದ ನಡುವೆ ನಾನು ಬೆಳಗಾವಿಯ ಹೈಸ್ಕೂಲಿಗೆ ಸೇರಿದ ಮೊದಲ ವಾರವೇ ಪಿ.ಟಿ. ಮಾಸ್ತರರು ನನ್ನ ಹೆಸರನ್ನು ಓಟದ ಪಟ್ಟಿಗೆ ಬರೆದುಬಿಟ್ಟರು. ನಾನು ಓಡಿದ್ದನ್ನು ಅವರು ನೋಡಿರಲಿಲ್ಲ. ಮುಖ ನೋಡಿದ್ದರು, ಕೂದಲು ನೋಡಿದ್ದರು, ಅಷ್ಟು ಸಾಕಾಗಿತ್ತು. ನಾವು ಖಾನಾಪುರ ತಾಲೂಕಿನ ಕಾಡಂಚಿನ ಸಿದ್ದಿಗಳು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಇದು ನಮಗಿಂತ ಹೆಚ್ಚಾಗಿ ಬೇರೆಯವರಿಗೆ ನೆನಪಿರುತ್ತಿತ್ತು. ಸಿದ್ದಿ ಮಕ್ಕಳನ್ನು ಹುಡುಕಿ ಓಡಿಸಿದರೆ ದೇಶಕ್ಕೆ ಪದಕ ಬರುತ್ತದೆ ಎಂಬ ಮಾತು ಆಗ ಎಲ್ಲ ಕಡೆ ನಡೆದಿತ್ತು.

ಊರಿನಲ್ಲಿ ನಾನು ಓಡಿದ್ದೇನಾದರೂ ಇದ್ದರೆ ಅದು ತಪ್ಪಿಸಿಕೊಂಡ ಎಮ್ಮೆಯ ಹಿಂದೆ. ನನಗೆ ಬರುತ್ತಿದ್ದದ್ದು ಈಜು. ನಮ್ಮ ಹಟ್ಟಿಗೂ ಬಸ್ಸಿನ ರಸ್ತೆಗೂ ನಡುವೆ ಮಲಪ್ರಭೆ ಹರಿಯುತ್ತಾಳೆ. ಬಿದಿರಿನ ಕಾಲುಸೇತುವೆ ಪ್ರತಿವರ್ಷ ಮೊದಲ ದೊಡ್ಡ ಮಳೆಗೇ ತೇಲಿಹೋಗುತ್ತಿತ್ತು. ಅಲ್ಲಿಂದ ದೀಪಾವಳಿಯವರೆಗೆ ಈಜಿಯೇ ದಾಟಬೇಕು. ತಾಮ್ರದ ಕೊಡ ಬೋರಲು ಹಾಕಿ, ಅದನ್ನು ಅಪ್ಪಿಕೊಂಡು ಕಾಲು ಬಡಿಯುವುದನ್ನು ಅವ್ವ ಕಲಿಸಿದಳು. ಆಮೇಲೆ ಕೊಡ ಕಿತ್ತುಕೊಂಡಳು. ಮನೆಗೆ ಬರುವಾಗ ಎದುರು ದಂಡೆಯ ಕಲ್ಲುಮೆಟ್ಟಿಲನ್ನು ನೋಡಲೇಬಾರದು ಎಂದು ಹೇಳಿಕೊಟ್ಟವಳೂ ಅವಳೇ. ಹರಿವಿನ ಮೇಲ್ಗಡೆ, ಮೆಟ್ಟಿಲಿಗಿಂತ ಬಹಳ ಎಡಕ್ಕೆ ಒಂದು ಮಾವಿನ ಮರವಿತ್ತು. ತಲೆ ನೀರಿನ ಮೇಲಿಟ್ಟು ಆ ಮರ ನೋಡುತ್ತ ಓರೆಯಾಗಿ ಈಜಬೇಕು. ಸೆಳವು ನಮ್ಮನ್ನು ಕೆಳಕ್ಕೆ ಎಳೆಯುತ್ತ ಸರಿಯಾಗಿ ಮೆಟ್ಟಿಲಿಗೇ ತಂದು ಬಿಡುತ್ತಿತ್ತು.

ಬೆಳಗಾವಿಯಲ್ಲಿ ನಾನು ಅನಗೋಳದ ಓಣಿಯೊಂದರಲ್ಲಿ ಕಾಕಾನ ಮನೆಯಲ್ಲಿದ್ದೆ. ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಲ್ಲುತ್ತಿದ್ದ. ಕರಿಯರಿಗೆ ಬಿಸಿ ತಾಗುವುದಿಲ್ಲ ಎಂದು ಅಲ್ಲಿ ಯಾರೋ ತೀರ್ಮಾನಿಸಿದ್ದರು. ಓಟದ ಪಟ್ಟಿಯ ವಿಷಯ ಹೇಳಿದಾಗ ಅವನು ಮುಂಗೈಯ ಸುಟ್ಟಗಾಯಕ್ಕೆ ಎಣ್ಣೆ ಸವರಿಕೊಳ್ಳುತ್ತಿದ್ದ. "ಓಡು ಮತ್ತ. ನಿನಗ ಬೆಂಕಿ ಮುಂದರ ನಿಂದ್ರಿಸಿಲ್ಲಲ್ಲ," ಎಂದ.

ನಾನು ಸುಮ್ಮನಿರಲಿಲ್ಲ.

"ಸರ್, ನನಗ ಈಸಾಕ ಬರತೈತ್ರಿ. ಅದಕ್ಕ ಹೆಸರು ಬರಕೋರಿ."

"ನಿಮ್ಮ ಮಂದಿ ಎಲುಬು ಭಾರ ಇರತಾವು. ನೀರಾಗ ಮುಳುಗತೀರಿ," ಎಂದರು ಮಾಸ್ತರರು, ಬಹಳ ಪ್ರೀತಿಯಿಂದ. "ದೇವರು ನಿಮಗ ಕಾಲು ಕೊಟ್ಟಾನ. ಓಡವ್ವ ಸುಮ್ನ."

ಅವರು ಕೆಟ್ಟವರಾಗಿರಲಿಲ್ಲ. ಓಟಕ್ಕೆಂದು ತಮ್ಮ ಕೈಯಿಂದಲೇ ಬೂಟು ಕೊಡಿಸಿದ್ದರು. ನಾನು ಮೂರು ವಾರ ಬೆನ್ನುಬಿಡದೆ ಕಾಡಿದ ಮೇಲೆ ಬೇಸತ್ತು, ಈಜಿನ ಆಯ್ಕೆಗೂ ನನ್ನನ್ನು ನಿಲ್ಲಿಸಲು ಒಪ್ಪಿದರು. ಈಜಿಗೆ ಶಾಲೆಯಿಂದ ಒಬ್ಬಳೇ ಹುಡುಗಿಯನ್ನು ಆರಿಸುವುದಿತ್ತು. ಆ ಜಾಗ ನನಗೆ ಬೇಕಾಗಿತ್ತು, ತುಂಬ ಬೇಕಾಗಿತ್ತು. ಓಟಕ್ಕೆ ನನ್ನನ್ನು ಆರಿಸಿದ್ದು ನನ್ನ ಬಣ್ಣ. ಈಜನ್ನು ಆರಿಸಿಕೊಂಡವಳು ನಾನು.

ಈಜುಗೊಳದಲ್ಲಿ ನಾಲ್ವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರ ದಾರಿಯ ನಡುವೆ ಹಗ್ಗ ಕಟ್ಟಿರಲಿಲ್ಲ, ನೇರ ಹೋಗಲು ತಳದಲ್ಲಿ ಕಪ್ಪು ಗೆರೆ ಮಾತ್ರ ಇತ್ತು. ತಲೆ ಮುಳುಗಿಸಿ ಈಜುವವರಿಗೆ ಅದು ಕಾಣುತ್ತದೆ. ನಾನು ತಲೆ ಮೇಲಿಟ್ಟು ಈಜುವವಳು. ಸೀಟಿ ಊದಿದ್ದೇ ತಡ, ಎಂದಿನಂತೆ ಎದುರು ದಂಡೆಯ ಎಡಮೂಲೆಯನ್ನು ಗುರಿಹಿಡಿದು ಹೊರಟೆ. ಅಲ್ಲಿ ಸೆಳವೇ ಇರಲಿಲ್ಲ. ಇಬ್ಬರ ದಾರಿ ಕತ್ತರಿಸಿಕೊಂಡು, ಒಬ್ಬಳ ಮೂಗಿಗೆ ಕಾಲು ತಾಗಿಸಿ, ಎಲ್ಲರಿಗಿಂತ ಮೊದಲು ಆ ಎಡಮೂಲೆಯನ್ನೇ ಮುಟ್ಟಿದೆ.

ದಂಡೆಯ ಮೇಲಿದ್ದವರೆಲ್ಲ ನಕ್ಕರು. ಕೈಬೀಸಿ ನನ್ನನ್ನು ಹೊರಗೆ ಕರೆದರು. "ಹೇಳಿದ್ನಿಲ್ಲ ನಾ? ನೀರು ನಿಮ್ಮ ರಕ್ತದಾಗ ಇಲ್ಲ," ಎಂದರು ಮಾಸ್ತರರು. ಜಾಗ ಇನ್ನೊಬ್ಬಳಿಗೆ ಹೋಯಿತು. ನಾನು ಮೊದಲು ಮುಟ್ಟಿದ್ದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಹೊಳೆಯ ವಿಷಯ ನಾನೂ ಹೇಳಲಿಲ್ಲ. ನನ್ನ ತಪ್ಪು ನನಗೇ ಅರ್ಥವಾದದ್ದು ರಾತ್ರಿ ಊಟಕ್ಕೆ ಕೂತಾಗ. ನಾಚಿಕೆಯಿಂದ ಊಟ ಸೇರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಅಲ್ಲಿ ನೀರು ಹರಿಯೂದ ಇಲ್ಲೇನು? ಹಂಗಾದ್ರ ದಂಡಿಗುಂಟ ನಡಕೊಂಡು ಹೋಗಬಾರದೇನು?"

ಅದೇ ರಜೆಯಲ್ಲಿ ಮಾಸ್ತರರು ನಮ್ಮ ಹಟ್ಟಿಗೆ ಬಂದರು. ಓಡುವ ಸಿದ್ದಿ ಮಕ್ಕಳ ಪಟ್ಟಿ ಮಾಡಿಕೊಡಿ ಎಂದು ಮೇಲಿನಿಂದ ಅವರಿಗೆ ಹೇಳಿದ್ದರಂತೆ. ಬಸ್ಸಿಳಿದವರನ್ನು ಕರೆತರಲು ನಾನೂ ಅವ್ವನೂ ಆಚೆ ದಂಡೆಗೆ ಹೋಗಿ ಕಾದಿದ್ದೆವು. ಹೊಳೆ ನೋಡಿ ಅವರ ಮುಖ ಸಣ್ಣದಾಯಿತು.

"ಎಷ್ಟು ಆಳ ಐತಿ?"

"ನಟ್ಟನಡುವ ಆಳು ಮುಳುಗತಾನ್ರಿ ಸರ್."

ಅವರಿಗೆ ಈಜು ಬರುತ್ತಿರಲಿಲ್ಲ. ಅವ್ವ ಅವರ ಬೂಟು, ಸ್ಟಾಪ್‌ವಾಚು, ಹೆಸರು ಬರೆಯುವ ಪುಸ್ತಕ ಎಲ್ಲ ಗಂಟುಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಕೊಡ ಬೋರಲು ಹಾಕಿ ಅವರ ತೋಳಿಗೆ ಕೊಟ್ಟೆ. ಒಂದು ಕೈಯಿಂದ ಕೊಡದ ಕಂಠ ಹಿಡಿದು ಎಳೆಯುತ್ತ ಮಾವಿನ ಮರದ ಕಡೆ ಈಜತೊಡಗಿದೆ.

"ಆಕಡೆ ಎಲ್ಲಿ ಹೊಂಟಿ? ಮೆಟ್ಟಲಾ ಈಕಡೆ ಅದಾವು!" ಎಂದು ಅವರು ಕೂಗಿಕೊಂಡರು.

ನಾನು ಮರದ ಕಡೆಗೇ ಕಾಲು ಬಡಿದೆ. ಸೆಳವು ನಮ್ಮನ್ನು ಮೆಟ್ಟಿಲಿಗೇ ತಂದು ಬಿಟ್ಟಿತು. ಅವರು ಕಲ್ಲಿನ ಮೇಲೆ ಕೂತು ಮಾವಿನ ಮರ ನೋಡಿದರು, ಮೆಟ್ಟಿಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅವತ್ತು ಟ್ಯಾಂಕಿನ್ಯಾಗ ಹಿಂಗ ಮಾಡಿದ್ಯೇನು?"

"ಹೌದ್ರಿ ಸರ್."

ಅವರು ಪ್ಯಾಂಟಿನ ಅಂಚು ಹಿಂಡಿಕೊಂಡರು. ನಾನು ಕಾದೆ. ಇನ್ನೊಂದು ಮಾತು ಬರುತ್ತದೆ ಎಂದೇ ನಂಬಿದ್ದೆ.

"ಹುಡುಗರನ್ನ ಕರಿ," ಎಂದರು. "ಮೊದಲ ನೀ ಓಡಿ ತೋರ್ಸು."

ಒದ್ದೆ ಬಟ್ಟೆಯಲ್ಲೇ ಗದ್ದೆಯ ಬದುವಿನಿಂದ ಹುಣಸೆಮರದವರೆಗೆ ಓಡಿದೆ. ಸಿಟ್ಟು ಬಂದಿತ್ತು, ಅಳು ಬಂದಿತ್ತು, ಎರಡನ್ನೂ ಕಾಲಿಗೆ ಹಾಕಿದೆ. ಸ್ಟಾಪ್‌ವಾಚು ನೋಡಿ ಮಾಸ್ತರರು ಹಿಗ್ಗಿದರು. ನಾನು ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲವಂತೆ. "ನೋಡ್ರಿ, ರಕ್ತದಾಗ ಐತಿ!" ಎಂದು ಸುತ್ತ ನಿಂತ ಹಿರಿಯರಿಗೆ ತೋರಿಸಿದರು. ಅವ್ವ ಮಾತ್ರ ಹತ್ತಿರ ಬಂದು ಮೆಲ್ಲಗೆ, "ಯಾರು ಬೆನ್ನ ಹತ್ತಿದ್ರವ್ವ?" ಎಂದಳು.

ಹನ್ನೊಂದು ಮಕ್ಕಳ ಹೆಸರು ಬರೆದುಕೊಂಡರು, ಎಲ್ಲವೂ ಓಟಕ್ಕೆ. ಹನ್ನೊಂದೂ ಮಕ್ಕಳು ಈಜುತ್ತಿದ್ದರು. ಸಂಜೆಯ ಬಸ್ಸಿಗೆ ಮಾಸ್ತರರನ್ನು ಮತ್ತೆ ಆಚೆ ದಾಟಿಸಬೇಕಿತ್ತು. ಈ ಸಲ ಕೊಡ ಹಿಡಿದು ಎಳೆದವಳು ಅವ್ವ. ಓಟದ ಆ ಪುಸ್ತಕವನ್ನು, ಒಂದು ಹನಿಯೂ ತಾಗದಂತೆ, ತಲೆಯ ಮೇಲೆ ಕಟ್ಟಿಕೊಂಡು ನಾನು ಈಜಿದೆ.